ಗುಪ್ತಾಂಗದ ಗುಳ್ಳೆಗೆಂದು ಮಾರುವ ದ್ರಾವಣ, ಕ್ರೀಮು, ಪರೀಕ್ಷೆ, ಲೇಸರ್: ಯಾವುದು ಬೇಕು, ಯಾವುದು ಬೇಡ

ನರಹುಲಿ ಉದುರಿಸುವ ದ್ರಾವಣದ ಡಬ್ಬಿ ತೆರೆದರೆ ಒಳಗೊಂದು ಮಡಚಿಟ್ಟ ಚೀಟಿ ಸಿಗುತ್ತದೆ. ಮುಖಕ್ಕೂ ಗುಪ್ತಾಂಗಕ್ಕೂ ಇದನ್ನು ಹಚ್ಚಬಾರದು ಎಂಬ ಸಾಲು ಅದರಲ್ಲೆಲ್ಲೋ ಇರುತ್ತದೆ. ಅಕ್ಷರ ಸಣ್ಣದು, ಓದುವವರು ಕಡಿಮೆ. ಗುಪ್ತಾಂಗದಲ್ಲಿ ಗುಳ್ಳೆ ಕಂಡು ಗಾಬರಿಬಿದ್ದವರು ಯಾರ ಹತ್ತಿರವೂ ಬಾಯಿಬಿಡಲಾರದೆ ಇದನ್ನು ತರಿಸಿಕೊಳ್ಳುತ್ತಾರೆ. ಆಮೇಲೆ ಮೂರು ಔಷಧ ಬೆರೆತ ಕ್ರೀಮಿನ ಟ್ಯೂಬು, ಆಮೇಲೆ ಎಣ್ಣೆ, ಆಮೇಲೆ ರಕ್ತಪರೀಕ್ಷೆಯ ಪ್ಯಾಕೇಜು, ಕೊನೆಗೆ ಲೇಸರ್. ಇವುಗಳಲ್ಲಿ ಯಾವುದು ಏನು ಮಾಡುತ್ತದೆ, ಯಾವುದು ಏನು ಕೆಡಿಸುತ್ತದೆ ಎಂದು ಒಂದೊಂದಾಗಿ ನೋಡೋಣ. ನಮ್ಮ ತೀರ್ಪು ಮೊದಲೇ ಗೊತ್ತಿರಲಿ: ಇಷ್ಟರಲ್ಲಿ ದುಡ್ಡು ಕೊಡಲು ಯೋಗ್ಯವಾದದ್ದು ಚರ್ಮ ಮತ್ತು ಲೈಂಗಿಕ ರೋಗಗಳ ತಜ್ಞರು ಒಳ್ಳೆಯ ಬೆಳಕಿನಲ್ಲಿ ಕಣ್ಣಾರೆ ನೋಡಿ, ಬೆರಳಿನಿಂದ ಮುಟ್ಟಿ ಹೇಳುವ ಹತ್ತು ನಿಮಿಷ. ಉಳಿದವುಗಳ ಸರದಿ ಬರುವುದಿದ್ದರೆ ಅದರ ನಂತರವೇ.

ಕಾರಣ ಸರಳ. ಈ ಸರಕುಗಳೆಲ್ಲ ಗುಳ್ಳೆ ಎಂದರೆ ರೋಗ ಎಂದೇ ಹಿಡಿದು ತಯಾರಾದವು. ಗುಪ್ತಾಂಗದ ಚರ್ಮದಲ್ಲಿ ಕಾಣುವ ಗುಳ್ಳೆಗಳಲ್ಲಿ ಎಷ್ಟೋ ಬಗೆಗಳು ರೋಗವೇ ಅಲ್ಲ. ಮೂಗಿನ ಮೇಲಿನ ರಂಧ್ರಗಳ ಹಾಗೆ, ಅವೂ ಚರ್ಮದ ರಚನೆಯ ಒಂದು ಭಾಗ. ರೋಗವಿಲ್ಲದ ಕಡೆ ಔಷಧ ಸುರಿದರೆ ಆಗ ರೋಗ ಶುರುವಾಗುತ್ತದೆ.

ಚಿಕಿತ್ಸೆಯೇ ಬೇಡದ ಗುಳ್ಳೆಗಳು

ಗಂಡಸರನ್ನು ತುಂಬಾ ಹೆದರಿಸುವುದು ಮುತ್ತಿನ ಗುಳ್ಳೆಗಳು. ವೈದ್ಯರು ಇವನ್ನು ಪರ್ಲಿ ಪೆನೈಲ್ ಪ್ಯಾಪ್ಯೂಲ್ ಎನ್ನುತ್ತಾರೆ. ಶಿಶ್ನದ ತಲೆಭಾಗ ಮುಗಿಯುವಲ್ಲಿ ಉಬ್ಬಿದ ಅಂಚೊಂದಿದೆಯಲ್ಲ, ಅದರ ಸುತ್ತ ಒಂದು ಸಾಲಾಗಿ, ಕೆಲವರಲ್ಲಿ ಎರಡು ಮೂರು ಸಾಲಾಗಿ ಇರುತ್ತವೆ. ಒಂದೊಂದೂ 1ರಿಂದ 3 ಮಿಲಿಮೀಟರ್. ಬಣ್ಣ ಚರ್ಮದ್ದೇ, ಇಲ್ಲವೆ ಬಿಳಿ ಅಥವಾ ತಿಳಿಗುಲಾಬಿ. ತುದಿ ಗುಂಡಗಿರಬಹುದು, ಎಳೆಯಂತೆ ಚೂಪಾಗಿಯೂ ಇರಬಹುದು. ಗಮನಿಸಬೇಕಾದದ್ದು ಅವುಗಳ ಶಿಸ್ತು: ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ, ಪೋಣಿಸಿದ ಹಾಗೆ ಅಕ್ಕಪಕ್ಕ, ತಿಂಗಳುಗಟ್ಟಲೆ ನೋಡಿದರೂ ಅಷ್ಟಕ್ಕಷ್ಟೇ. ನೋವಿಲ್ಲ, ತುರಿಕೆಯಿಲ್ಲ, ಏನೂ ಒಸರುವುದಿಲ್ಲ. ಬೇರೆ ಬೇರೆ ಅಧ್ಯಯನಗಳ ಲೆಕ್ಕದಲ್ಲಿ ಗಂಡಸರ ಪೈಕಿ ಸುಮಾರು ಶೇ. 14ರಿಂದ 48ರಷ್ಟು ಮಂದಿಗೆ ಇವು ಇವೆ. ಹರೆಯ ಬಂದ ಮೇಲೆ ಕಾಣಿಸಿಕೊಳ್ಳುತ್ತವೆ, ವಯಸ್ಸಾದಂತೆ ಮಾಸುತ್ತವೆ, ಮುಂದೊಗಲು ತೆಗೆಸಿಕೊಂಡವರಲ್ಲಿ ಕಡಿಮೆ. ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಸಣ್ಣ ರಕ್ತನಾಳಗಳು ಮತ್ತು ಅವುಗಳ ಸುತ್ತ ನಾರಿನ ಎಳೆಗಳು, ಅಷ್ಟೇ. ವೈರಸ್ಸಿಲ್ಲ, ಸೋಂಕಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವ ಮಾತೇ ಇಲ್ಲ. ತೊಳೆದುಕೊಳ್ಳುವುದಕ್ಕೂ ಹಸ್ತಮೈಥುನಕ್ಕೂ ಇವಕ್ಕೂ ಸಂಬಂಧ ಇಲ್ಲ. ಇವನ್ನು ಕಂಡು ಸಂಗಾತಿಯ ಮೇಲೆ ಸಂಶಯಪಡುವುದು ದೊಡ್ಡ ಅನ್ಯಾಯ. ಅದಕ್ಕೆ ಈ ಗುಳ್ಳೆ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ.

ಹೆಂಗಸರಲ್ಲಿ ಇದಕ್ಕೆ ಸಾಟಿಯಾದದ್ದು ವೆಸ್ಟಿಬ್ಯುಲರ್ ಪ್ಯಾಪಿಲೊಮಟೋಸಿಸ್. ಯೋನಿಯ ಒಳತುಟಿಗಳ ಒಳಮೈಯಲ್ಲಿ, ಯೋನಿದ್ವಾರದ ಸುತ್ತ, ಮೆತ್ತಗಿನ ಗುಲಾಬಿ ಬಣ್ಣದ ಬೆರಳಿನಾಕಾರದ ಸಣ್ಣ ಚಾಚುಗಳು ಎರಡೂ ಬದಿಗೆ ಸಮವಾಗಿ ಇರುತ್ತವೆ. ಹಿಂದೆ ಇದನ್ನು ಎಚ್‌ಪಿವಿ ವೈರಸ್ಸಿನ ನರಹುಲಿ ಎಂದೇ ತಿಳಿದು ಸುಟ್ಟದ್ದುಂಟು. ಬೇರ್ಪಡಿಸುವ ಗುರುತು ಬುಡದಲ್ಲಿದೆ. ಇಲ್ಲಿ ಒಂದೊಂದು ಚಾಚಿಗೂ ಅದರದೇ ಬುಡ. ನರಹುಲಿಯಲ್ಲಿ ಹಲವು ತುದಿಗಳು ಕೆಳಗೆ ಒಂದೇ ಬುಡಕ್ಕೆ ಕೂಡಿಕೊಂಡಿರುತ್ತವೆ, ಹೂಕೋಸಿನ ಹಾಗೆ. ಮುಟ್ಟಿದರೂ ಗೊತ್ತಾಗುತ್ತದೆ: ಇದು ಮೃದು, ನರಹುಲಿ ಹೆಚ್ಚಾಗಿ ಒರಟು.

ಫೋರ್ಡೈಸ್ ಚುಕ್ಕೆಗಳು ಗಂಡು ಹೆಣ್ಣು ಇಬ್ಬರಲ್ಲೂ ಇರುತ್ತವೆ. 1896ರಲ್ಲಿ ವಿವರಿಸಿದ ಅಮೆರಿಕದ ಚರ್ಮತಜ್ಞ ಜಾನ್ ಅಡಿಸನ್ ಫೋರ್ಡೈಸ್ ಅವರ ಹೆಸರೇ ಉಳಿದಿದೆ. ಇವು ಎಣ್ಣೆಗ್ರಂಥಿಗಳು. ಬೇರೆ ಕಡೆ ಎಣ್ಣೆಗ್ರಂಥಿ ಕೂದಲಿನ ಜೊತೆ ಇರುತ್ತದೆ. ಇಲ್ಲಿ ಕೂದಲಿಲ್ಲದೆ ಒಂಟಿಯಾಗಿ ಚರ್ಮದ ಮೇಲ್ಪದರಕ್ಕೆ ಹತ್ತಿರ ಕೂತಿರುತ್ತದೆ, ಆದ್ದರಿಂದ ತೆಳುಹಳದಿ ಅಥವಾ ಕೆನೆಬಣ್ಣದ ಚುಕ್ಕೆಯಾಗಿ ತೋರುತ್ತದೆ. ಚರ್ಮ ಎಳೆದು ಹಿಡಿದರೆ ಎದ್ದು ಕಾಣುತ್ತದೆ, ಬಿಟ್ಟರೆ ಮಸುಕಾಗುತ್ತದೆ. ಅದೇ ವ್ಯಕ್ತಿಯ ತುಟಿಯ ಅಂಚಿನಲ್ಲೋ ಕೆನ್ನೆಯ ಒಳಮೈಯಲ್ಲೋ ಇಂಥದೇ ಚುಕ್ಕೆ ಹಲವು ಬಾರಿ ಸಿಗುತ್ತದೆ. ಕನ್ನಡಿ ಹಿಡಿದು ನೋಡಿಕೊಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಹಿಚುಕಬಾರದು. ಹಿಚುಕಿದರೆ ಸುಣ್ಣದಂಥ ಮೇದಸ್ಸು ಸ್ವಲ್ಪ ಬರಬಹುದು, ಗ್ರಂಥಿ ಅಲ್ಲೇ ಉಳಿಯುತ್ತದೆ, ಉಗುರಿನ ಗಾಯಕ್ಕೆ ಕೀವು ಬೇರೆ ತುಂಬುತ್ತದೆ.

ಮುಂದೊಗಲನ್ನು ತಲೆಭಾಗಕ್ಕೆ ಕಟ್ಟಿಹಿಡಿಯುವ ಕೆಳಗಿನ ದಾರದಂಥ ಚರ್ಮದ ಎರಡು ಪಕ್ಕದಲ್ಲಿ ಜೋಡಿ ಬಿಳಿ ಗುಳ್ಳೆಗಳಿದ್ದರೆ ಅವೂ ಸಹಜ ರಚನೆಯೇ. ಶಿಶ್ನದ ದಂಡದ ಬುಡದಲ್ಲಿ ಮೈ ಜುಮ್ಮೆಂದಾಗಿನ ಹಾಗೆ ಕಾಣುವ ಉಬ್ಬುಗಳು ಕೂದಲಿನ ಬುಡಗಳು.

ವೃಷಣಚೀಲದ ಮೇಲೆ ಕೆಂಪು, ನೇರಳೆ, ಕಪ್ಪು ಬಣ್ಣದ 1ರಿಂದ 5 ಮಿಲಿಮೀಟರಿನ ಬೊಟ್ಟುಗಳು ಬಂದರೆ ಅವು ಆಂಜಿಯೋಕೆರಟೋಮ, ಅಂದರೆ ಹಿಗ್ಗಿದ ರಕ್ತನಾಳಗಳು. ವಯಸ್ಸಾದಂತೆ ಹೆಚ್ಚುತ್ತವೆ, ಹೆಂಗಸರ ಹೊರತುಟಿಗಳಲ್ಲೂ ಬರುತ್ತವೆ. ತುರಿಸಿದರೆ ಅಥವಾ ಬ್ಲೇಡು ತಾಗಿದರೆ ಆಶ್ಚರ್ಯವಾಗುವಷ್ಟು ರಕ್ತ ಬರುತ್ತದೆ; ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಆದರೆ ಚಿಕ್ಕ ವಯಸ್ಸಿನಲ್ಲೇ ಹೊಕ್ಕುಳಿನಿಂದ ತೊಡೆಯವರೆಗೆ ಇಂಥವು ಗುಂಪುಗುಂಪಾಗಿ ಎದ್ದು, ಅಂಗೈ ಅಂಗಾಲು ಉರಿಯುತ್ತಿದ್ದು, ಬೆವರೂ ಕಡಿಮೆಯಿದ್ದರೆ ಅದು ಫ್ಯಾಬ್ರಿ ಎಂಬ ವಂಶವಾಹಿ ಕಾಯಿಲೆಯ ಸುಳಿವಿರಬಹುದು. ಅಂಥವರು ವೈದ್ಯರಿಗೆ ತೋರಿಸಲೇಬೇಕು.

ವೃಷಣಚೀಲದ ಚರ್ಮದೊಳಗೆ ಗೋಲಿಯಂತೆ ಗಟ್ಟಿಯಾಗಿ, ಚರ್ಮದ ಜೊತೆಗೇ ಜರುಗುವ ಬಿಳಿ ಅಥವಾ ಹಳದಿ ಗಂಟುಗಳು ಎಪಿಡರ್ಮಲ್ ಸಿಸ್ಟ್. ಕೆಂಪಾಗಿ ನೋಯದಿದ್ದರೆ ಬಿಟ್ಟುಬಿಡಬಹುದು. ಇಲ್ಲಿ ಒಂದು ಎಚ್ಚರ ಇದೆ: ಗಂಟು ಚರ್ಮದಲ್ಲಿದೆಯೋ, ಒಳಗಿನ ವೃಷಣದಲ್ಲೇ ಇದೆಯೋ ನೋಡಿ. ಚರ್ಮವನ್ನು ಚಿಮುಟಿ ಮೇಲೆತ್ತಿದಾಗ ಗಂಟು ಬೆರಳಿನ ಜೊತೆ ಮೇಲೆ ಬಂದರೆ ಚರ್ಮದ್ದು. ಬಾರದೆ ವೃಷಣಕ್ಕೇ ಅಂಟಿಕೊಂಡಿದ್ದರೆ, ನೋವಿರಲಿ ಇಲ್ಲದಿರಲಿ, ಅದೇ ವಾರದಲ್ಲಿ ವೈದ್ಯರನ್ನು ಕಂಡು ಅಲ್ಟ್ರಾಸೌಂಡ್ ಮಾಡಿಸಬೇಕು.

ಇನ್ನು ಬೋಳಿಸಿದ ಎರಡು ಮೂರು ದಿನಕ್ಕೆ ಏಳುವ ಕೆಂಪು ಗುಳ್ಳೆಗಳು. ಕತ್ತರಿಸಿದ ಕೂದಲ ಮೊನೆ ವಾಪಸ್ಸು ಚರ್ಮಕ್ಕೇ ಚುಚ್ಚಿ ಒಳಗೆ ಬೆಳೆಯುವುದರಿಂದ ಆಗುವಂಥವು. ಗುಂಗುರು ಕೂದಲಿನವರಿಗೆ ಹೆಚ್ಚು. ಬ್ಲೇಡು ಬಿಟ್ಟು ಟ್ರಿಮ್ಮರಿನಲ್ಲಿ ಒಂದೆರಡು ಮಿಲಿಮೀಟರ್ ಉಳಿಸಿ ಕತ್ತರಿಸಿದರೆ ಸಾಕಷ್ಟು ಮಂದಿಗೆ ಮತ್ತೆ ಬರುವುದಿಲ್ಲ. ಇರುವುದಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಮೂರು ಬಾರಿ, ಹತ್ತು ಹತ್ತು ನಿಮಿಷ ಇಡಬೇಕು. ಸಂಭೋಗದ ಮರುದಿನ ತಲೆಭಾಗದ ಹಿಂದೆ ದಾರದಂತೆ ಗಟ್ಟಿಯಾದದ್ದೊಂದು ಸಿಕ್ಕರೆ ಅದು ಬಹುತೇಕ ಉಜ್ಜಾಟದಿಂದ ಊದಿದ ನಾಳ. ಕೆಲವು ವಾರ ಸಂಭೋಗ ನಿಲ್ಲಿಸಿದರೆ ತಾನಾಗಿ ಕರಗುತ್ತದೆ.

ನರಹುಲಿ ದ್ರಾವಣ ಮತ್ತು ಹೆಪ್ಪುಗಟ್ಟಿಸುವ ಸ್ಪ್ರೇ

ದ್ರಾವಣದಲ್ಲಿರುವುದು ಸಾಮಾನ್ಯವಾಗಿ ಶೇ. 17 ಸ್ಯಾಲಿಸಿಲಿಕ್ ಆಮ್ಲ. ಪಟ್ಟಿಯ ರೂಪದಲ್ಲಿ ಬರುವುದರಲ್ಲಿ ಶೇ. 40ರವರೆಗೂ ಇರುತ್ತದೆ. ಅಂಗಾಲಿನ ಗಡಸು ತೊಗಲನ್ನು ಪದರಪದರವಾಗಿ ಸಡಿಲಿಸುವುದು ಅದರ ಕೆಲಸ, ಅಲ್ಲಿ ಅದು ಒಳ್ಳೆಯ ಔಷಧ. ಗುಪ್ತಾಂಗದ ಚರ್ಮ ಅದಕ್ಕೆ ಹೋಲಿಸಿದರೆ ಕಾಗದ. ಹಚ್ಚಿದ ಸ್ವಲ್ಪ ಹೊತ್ತಿಗೆ ಬೆಳ್ಳಗಾಗಿ, ಮರುದಿನ ಸುಲಿದು, ಹಸಿಗಾಯವಾಗುತ್ತದೆ. ಮುಂದೊಗಲು ಮುಚ್ಚಿಕೊಂಡರೆ ಆಮ್ಲ ಎದುರಿನ ಚರ್ಮಕ್ಕೂ ಅಂಟಿ ಎರಡು ಕಡೆ ಸುಡುತ್ತದೆ. ಗಾಯ ಮಾಯುವಾಗ ಕಲೆ ಉಳಿಯಬಹುದು, ಮುಂದೊಗಲು ಬಿಗಿಯಾಗಲೂಬಹುದು. ಇನ್ನೊಂದು ತೊಂದರೆ: ಸುಟ್ಟ ಚರ್ಮ ನೋಡಿದ ವೈದ್ಯರಿಗೆ ಮೊದಲಿದ್ದದ್ದು ಏನು ಎಂದು ಗುರುತಿಸಲು ಆಗುವುದಿಲ್ಲ. ಆಕಸ್ಮಿಕವಾಗಿ ಹಚ್ಚಿಬಿಟ್ಟಿದ್ದರೆ ಕೂಡಲೇ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ತೊಳೆದು, ಬರಿ ವ್ಯಾಸಲೀನ್ ಸವರಿ, ವೈದ್ಯರಿಗೆ ತೋರಿಸಿ.

ಮನೆಯಲ್ಲೇ ಹೆಪ್ಪುಗಟ್ಟಿಸುವ ಸ್ಪ್ರೇಯಲ್ಲಿ ಡೈಮಿಥೈಲ್ ಈಥರ್ ಮತ್ತು ಪ್ರೊಪೇನ್ ಇರುತ್ತದೆ. ಆಸ್ಪತ್ರೆಯಲ್ಲಿ ಬಳಸುವ ದ್ರವ ಸಾರಜನಕ ಮೈನಸ್ 196 ಡಿಗ್ರಿಯದ್ದು; ಇದಕ್ಕೆ ಆ ಚಳಿಯೂ ಇಲ್ಲ, ಅದನ್ನು ಹಿಡಿದ ಕೈಗೆ ತರಬೇತಿಯೂ ಇಲ್ಲ. ಕೈಕಾಲಿಗಷ್ಟೇ ಮೀಸಲು ಎಂದು ಅದರ ಮೇಲೂ ಬರೆದಿರುತ್ತದೆ. ಗುಪ್ತಾಂಗಕ್ಕೆ ಎರಡನ್ನೂ ಬೇಡವೆನ್ನುತ್ತೇವೆ.

ನಿಜವಾದ ಗುಪ್ತಾಂಗದ ನರಹುಲಿಗೆ ಔಷಧವಿದೆ, ಅದು ಬೇರೆ. ಇಮಿಕ್ವಿಮೋಡ್ ಶೇ. 5 ಕ್ರೀಮನ್ನು ವಾರಕ್ಕೆ ಮೂರು ರಾತ್ರಿ ಹಚ್ಚಿ 6ರಿಂದ 10 ಗಂಟೆ ಬಿಟ್ಟು ತೊಳೆಯುವುದು, ಹೀಗೆ 16 ವಾರದವರೆಗೆ. ಅಥವಾ ಪೋಡೋಫಿಲಾಕ್ಸ್ ಶೇ. 0.5 ದ್ರಾವಣ, ಮೂರು ದಿನ ದಿನಕ್ಕೆರಡು ಬಾರಿ, ನಾಲ್ಕು ದಿನ ಬಿಡುವು, ಹೀಗೆ ಹೆಚ್ಚೆಂದರೆ ನಾಲ್ಕು ಸುತ್ತು. ಗರ್ಭಿಣಿಯರಿಗೆ ಇದು ಕೂಡದು. ಇವೆರಡೂ ನರಹುಲಿ ಎಂದು ಖಚಿತವಾದ ಮೇಲೆ, ವೈದ್ಯರು ಬರೆದುಕೊಟ್ಟು, ಹಚ್ಚುವ ಜಾಗ ತೋರಿಸಿಕೊಟ್ಟ ಮೇಲೆ ಬಳಸುವಂಥವು. ಮುತ್ತಿನ ಗುಳ್ಳೆಗೆ ಹಚ್ಚಿದರೆ ಗುಳ್ಳೆ ಹೋಗುವುದಿಲ್ಲ, ಸುತ್ತಲ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ.

ಮೂರು ಔಷಧ ಬೆರೆತ ಕ್ರೀಮು

ನಮ್ಮ ದೃಷ್ಟಿಯಲ್ಲಿ ಈ ಇಡೀ ಪಟ್ಟಿಯಲ್ಲಿ ಹೆಚ್ಚು ಹಾನಿ ಮಾಡುವುದು ಇದೇ, ಏಕೆಂದರೆ ಮೊದಮೊದಲು ಇದು ಗುಣವಾದಂತೆ ತೋರಿಸುತ್ತದೆ. ಟ್ಯೂಬಿನ ಹಿಂದೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದು ಬಲವಾದ ಸ್ಟೀರಾಯ್ಡ್. ಅದರ ಜೊತೆ ಕ್ಲೋಟ್ರಿಮಝೋಲ್, ಮೈಕೊನಝೋಲ್‌ನಂಥ ಶಿಲೀಂಧ್ರನಾಶಕ ಒಂದು, ನಿಯೋಮೈಸಿನ್, ಜೆಂಟಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಒಂದು. ವೃಷಣಚೀಲದ ಚರ್ಮ ಸ್ಟೀರಾಯ್ಡನ್ನು ಹೀರುವ ಬಗೆ ನೆನಪಿರಲಿ: ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಟ್ಟು ಅಳೆದಾಗ ಮುಂಗೈಗಿಂತ ಸುಮಾರು 40 ಪಟ್ಟು ಹೆಚ್ಚು ಹೀರಿಕೊಂಡಿದೆ. ಮೂರು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ನಿಲ್ಲಿಸಿದ ಕೂಡಲೇ ದುಪ್ಪಟ್ಟಾಗಿ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ವಾರಗಳು ಉರುಳಿದಂತೆ ಚರ್ಮ ತೆಳುವಾಗಿ ನಾಳಗಳು ತೋರುತ್ತವೆ, ತೊಡೆಸಂದಿಯಲ್ಲಿ ಶಾಶ್ವತವಾದ ಗೀರುಗಳು ಬೀಳುತ್ತವೆ, ಗಾಳಿ ತಾಗಿದರೂ ಉರಿ. ಹುಳಕಡ್ಡಿ ಇದ್ದರೆ ಅದರ ಉಂಗುರದ ಆಕಾರ ಅಳಿಸಿಹೋಗಿ ಗುರುತೇ ಸಿಗದಂತೆ ಹರಡುತ್ತದೆ. ಕಜ್ಜಿಯೂ ಹಾಗೇ ಮರೆಯಾಗುತ್ತದೆ. ಇಷ್ಟೆಲ್ಲ ಆಗಿ ಮುತ್ತಿನ ಗುಳ್ಳೆಗಾಗಲಿ ಫೋರ್ಡೈಸ್ ಚುಕ್ಕೆಗಾಗಲಿ ಇದು ಕಿಂಚಿತ್ತೂ ಕೆಲಸ ಮಾಡುವುದಿಲ್ಲ.

ತಿಂಗಳುಗಟ್ಟಲೆ ಹಚ್ಚಿದ್ದವರು ಒಮ್ಮೆಲೇ ನಿಲ್ಲಿಸಿದಾಗ ಉರಿ ಭುಗಿಲೇಳಬಹುದು. ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ತಜ್ಞರ ಬಳಿ ಹೋಗಿ. ಏನು ಹಚ್ಚಿದಿರಿ ಎಂದು ಅವರಿಗೆ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಎಣ್ಣೆ, ವಾಶ್, ಬೆಳ್ಳುಳ್ಳಿ, ವಿನೆಗರ್

ಟೀ ಟ್ರೀ ಎಣ್ಣೆ ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಹೆಸರುವಾಸಿ, ಅದರಲ್ಲೂ ಬಾಟಲಿ ತೆರೆದು ಹಳತಾದದ್ದು. ಹರಳೆಣ್ಣೆಯಿಂದ ಈ ಗುಳ್ಳೆಗಳು ಉದುರುವುದಿಲ್ಲ. ಹಸಿ ಬೆಳ್ಳುಳ್ಳಿ ಕಟ್ಟಿದರೆ ರಾಸಾಯನಿಕ ಸುಟ್ಟಗಾಯವೇ ಆಗುತ್ತದೆ. ಟೂತ್‌ಪೇಸ್ಟಿನ ಪುದೀನ ಸತ್ವ ಮತ್ತು ನೊರೆಬರಿಸುವ ಅಂಶ ಒಳಚರ್ಮವನ್ನು ಕೆರಳಿಸುತ್ತದೆ. ಗುಪ್ತಾಂಗಕ್ಕೆಂದೇ ಮಾರುವ ಸುವಾಸನೆಯ ವಾಶ್ ಕೂಡ ಬೇಕಿಲ್ಲ. ಯೋನಿಯ ಒಳಭಾಗವನ್ನಂತೂ ಯಾವುದರಿಂದಲೂ ತೊಳೆಯಬಾರದು. ಹೊರಗೆ ಬರಿನೀರು ಸಾಕು, ಗಂಡಸರು ಮುಂದೊಗಲು ಹಿಂದೆ ಸರಿಸಿ ನೀರಿನಿಂದ ತೊಳೆದು, ಒರೆಸಿ, ಮರೆಯದೆ ಮುಂದೆ ತಂದುಬಿಡಬೇಕು.

ವಿನೆಗರ್ ಪರೀಕ್ಷೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅದು ವೈಜ್ಞಾನಿಕವಾಗಿ ಕೇಳಿಸುತ್ತದೆ. ಶೇ. 3ರಿಂದ 5 ಅಸಿಟಿಕ್ ಆಮ್ಲ ತಾಗಿಸಿದರೆ ನರಹುಲಿ ಬೆಳ್ಳಗಾಗುತ್ತದೆ ಎಂಬುದು ನಿಜ. ಆದರೆ ತುರಿಸಿದ ಚರ್ಮವೂ ಬೆಳ್ಳಗಾಗುತ್ತದೆ, ಶಿಲೀಂಧ್ರದ ಸೋಂಕಿದ್ದ ಚರ್ಮವೂ ಆಗುತ್ತದೆ, ಏನೂ ಇಲ್ಲದ ಸಹಜ ಚಾಚುಗಳೂ ಆಗುವುದುಂಟು. ಬೆಳ್ಳಗಾಯಿತೆಂದು ನರಹುಲಿ ಎನ್ನುವಂತಿಲ್ಲ, ಆದ್ದರಿಂದ ಇದನ್ನು ಮನೆಯಲ್ಲಿ ಮಾಡಿ ಪ್ರಯೋಜನವಿಲ್ಲ.

ರಕ್ತಪರೀಕ್ಷೆಯ ಪ್ಯಾಕೇಜು, ಫೋಟೊ ನೋಡುವ ಆ್ಯಪು

ಲೈಂಗಿಕ ರೋಗಗಳ ಸಂಪೂರ್ಣ ತಪಾಸಣೆ ಎಂಬ ಪ್ಯಾಕೇಜು ಗುಳ್ಳೆಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನರಹುಲಿ ಇದೆಯೇ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಅದನ್ನು ಕಣ್ಣಿನಿಂದ, ಅನುಮಾನವಿದ್ದರೆ ಸಣ್ಣ ತುಣುಕು ತೆಗೆದು ನೋಡಬೇಕು. ಹರ್ಪಿಸ್ (ನೀರುಗುಳ್ಳೆ ಎಬ್ಬಿಸುವ ವೈರಸ್ ಸೋಂಕು) ಐಜಿಎಂ ಎಂಬ ರಕ್ತಪರೀಕ್ಷೆ ಪ್ಯಾಕೇಜಿನಲ್ಲಿದ್ದರೆ ಅದಕ್ಕೆ ಕೊಟ್ಟ ದುಡ್ಡು ವ್ಯರ್ಥ, ಹೊಸ ಸೋಂಕನ್ನೂ ಹಳತನ್ನೂ ಅದು ನೆಚ್ಚುವಂತೆ ಬೇರ್ಪಡಿಸಲಾರದು. ಹರ್ಪಿಸ್ ಅನುಮಾನವಿದ್ದರೆ ನೀರುಗುಳ್ಳೆ ಹಸಿಯಿರುವಾಗಲೇ ಅದರ ಬುಡದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಸಿ ಪಿಸಿಆರ್ ಮಾಡಿಸುವುದು ಸರಿ.

ಹಾಗಂತ ಪರೀಕ್ಷೆ ಯಾರಿಗೂ ಬೇಡವೆಂದಲ್ಲ. ಕಾಂಡೋಮ್ ಇಲ್ಲದೆ ಹೊಸ ಸಂಗಾತಿಯ ಸಂಪರ್ಕವಾಗಿದ್ದರೆ, ಗುಳ್ಳೆ ಇರಲಿ ಇಲ್ಲದಿರಲಿ, ಎಚ್‌ಐವಿ, ಸಿಫಿಲಿಸ್, ಗೊನೊರಿಯ, ಕ್ಲಮೀಡಿಯ ನೋಡಿಸಬೇಕು. ಹೊತ್ತು ಮುಖ್ಯ: ಗೊನೊರಿಯ, ಕ್ಲಮೀಡಿಯಕ್ಕೆ ಸುಮಾರು 2 ವಾರ, ಪ್ರಯೋಗಾಲಯದ ನಾಲ್ಕನೇ ತಲೆಮಾರಿನ ಎಚ್‌ಐವಿ ಪರೀಕ್ಷೆಗೆ 45 ದಿನ, ಸಿಫಿಲಿಸ್‌ಗೆ 3 ತಿಂಗಳವರೆಗೆ. ಅದಕ್ಕೂ ಮೊದಲು ಮಾಡಿಸಿ ಇಲ್ಲವೆಂದು ಬಂದರೆ ಅದನ್ನೇ ನಂಬಿ ಕೂರಬಾರದು. ಎಚ್‌ಐವಿ ತಗುಲುವ ಸಂಭವವಿರುವ ಸಂಪರ್ಕವಾಗಿದ್ದರೆ ಪರೀಕ್ಷೆಯ ದಿನಕ್ಕೆ ಕಾಯುವುದೂ ತಪ್ಪು; ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರುಮಾಡಿ 28 ದಿನ ನುಂಗಬೇಕು.

ಫೋಟೊ ಹಾಕಿದರೆ ರೋಗದ ಹೆಸರು ಹೇಳುವ ಆ್ಯಪುಗಳನ್ನು ಈ ಕೆಲಸಕ್ಕೆ ನೆಚ್ಚಬೇಡಿ. ಗಂಟು ಗಟ್ಟಿಯೋ ಮೆತ್ತಗೋ, ಬುಡ ಒಂದೋ ಹಲವೋ, ಚರ್ಮ ಎಳೆದಾಗ ಏನಾಗುತ್ತದೆ, ತೊಡೆಸಂದಿಯಲ್ಲಿ ಗಡ್ಡೆ ಇದೆಯೇ ಎಂಬುದು ಫೋಟೊದಲ್ಲಿ ಇರುವುದಿಲ್ಲ. ನಿರ್ಣಯ ನಿಂತಿರುವುದು ಅವುಗಳ ಮೇಲೆ.

ವಿಡಿಯೊ ಸಲಹೆ: ಷರತ್ತಿನ ಮೇಲೆ ಪರವಾಗಿಲ್ಲ

ವೈದ್ಯರ ಬಳಿ ನೇರವಾಗಿ ಹೋಗಲಾರದ ವಯಸ್ಕರಿಗೆ ನೋಂದಾಯಿತ ವೈದ್ಯರ ವಿಡಿಯೊ ಸಲಹೆ ಮೊದಲ ಹೆಜ್ಜೆಯಾಗಿ ಉಪಯೋಗಕ್ಕೆ ಬರುತ್ತದೆ. ಸಾಲಾಗಿರುವ ಮುತ್ತಿನ ಗುಳ್ಳೆಯನ್ನೂ ಫೋರ್ಡೈಸ್ ಚುಕ್ಕೆಯನ್ನೂ ಒಳ್ಳೆಯ ಚಿತ್ರವಿದ್ದರೆ ಅನುಭವಸ್ಥರು ಗುರುತಿಸುತ್ತಾರೆ. ಚಿತ್ರ ಕೆಟ್ಟಿದ್ದರೆ ಸಲಹೆಯೂ ಕೆಡುತ್ತದೆ. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ, ಫ್ಲಾಶ್ ಆರಿಸಿ ತೆಗೆಯಿರಿ. ಫ್ಲಾಶ್ ಬಿದ್ದರೆ ಉಬ್ಬು ಮರೆಯಾಗಿ ಹೊಳಪಷ್ಟೇ ಉಳಿಯುತ್ತದೆ. ಲೆನ್ಸನ್ನು ತೀರಾ ಹತ್ತಿರ ತಂದರೆ ಫೋಕಸ್ ತಪ್ಪುತ್ತದೆ, 15–20 ಸೆಂಟಿಮೀಟರ್ ದೂರದಿಂದ ತೆಗೆದು ಆಮೇಲೆ ಕತ್ತರಿಸಿ. ಇಡೀ ಜಾಗದ್ದೊಂದು, ಹತ್ತಿರದ್ದೊಂದು, ಉಬ್ಬು ತಿಳಿಯುವಂತೆ ಪಕ್ಕದಿಂದ ಒಂದು, ಅಳತೆಗೆ ಸ್ಕೇಲು ಇಟ್ಟು ಒಂದು. ಮುಖ, ಹಚ್ಚೆ, ಕೋಣೆಯ ಸಾಮಾನು ಬೀಳದಿರಲಿ. ತೆಗೆಯುವ ಮುನ್ನ ಫೋನಿನ ತಾನಾಗಿ ಕ್ಲೌಡಿಗೇರುವ ವ್ಯವಸ್ಥೆ ಆರಿಸಿ, ಕಳಿಸಿದ ಮೇಲೆ ಗ್ಯಾಲರಿಯಿಂದಲೂ ಅಳಿಸಿದ ಚಿತ್ರಗಳ ಬುಟ್ಟಿಯಿಂದಲೂ ತೆಗೆದುಹಾಕಿ. ಹದಿನೆಂಟು ತುಂಬದವರು ಇಂಥ ಚಿತ್ರ ತೆಗೆಯಲೂಬಾರದು, ಯಾರಿಗೂ ಕಳಿಸಲೂಬಾರದು. ನಂಬಿಕೆಯ ಹಿರಿಯರೊಬ್ಬರ ಜೊತೆ ನೇರವಾಗಿ ವೈದ್ಯರಲ್ಲಿಗೆ ಹೋಗುವುದೇ ಸರಿ. ಫೋಟೊ ಮಾತ್ರ ನೋಡಿ, ಒಂದು ಪ್ರಶ್ನೆಯನ್ನೂ ಕೇಳದೆ, ಮೂರು ಔಷಧದ ಕ್ರೀಮು ಬರೆದುಕೊಡುವ ಸೇವೆಯನ್ನು ಅಲ್ಲಿಗೇ ಬಿಟ್ಟುಬಿಡಿ.

ನೇರ ತಪಾಸಣೆ

ಸಂಕೋಚವೇ ಇಲ್ಲಿನ ದೊಡ್ಡ ತಡೆ, ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂದು ಹೇಳಿಬಿಡುತ್ತೇವೆ. ಮೊದಲು ಪ್ರಶ್ನೆಗಳು: ಯಾವಾಗ ಕಂಡಿತು, ಹೆಚ್ಚಿದೆಯೇ, ತುರಿಕೆ ನೋವು ಉಂಟೇ, ಹೊಸ ಸಂಗಾತಿ, ಹೊಸ ಸೋಪು ಅಥವಾ ಕಾಂಡೋಮ್, ಏನೇನು ಹಚ್ಚಿದಿರಿ. ಆಮೇಲೆ ದೀಪದಡಿ ನೋಡುತ್ತಾರೆ, ಕೈಗವಸು ಹಾಕಿ ಮುಟ್ಟುತ್ತಾರೆ, ತೊಡೆಸಂದಿಯ ಗ್ರಂಥಿ ನೋಡುತ್ತಾರೆ. ಡರ್ಮೊಸ್ಕೋಪ್ ಎಂಬ ಸುಮಾರು 10 ಪಟ್ಟು ಹಿಗ್ಗಿಸುವ, ದೀಪವಿರುವ ಭೂತಗನ್ನಡಿ ಇಟ್ಟು ನೋಡಿದರೆ ಮುತ್ತಿನ ಗುಳ್ಳೆಗಳು ಕಲ್ಲು ಹಾಸಿದಂತೆ ಸಾಲಾಗಿ, ಒಂದೊಂದರ ನಡುವೆ ಚುಕ್ಕೆ ಅಥವಾ ಅಲ್ಪವಿರಾಮದಂಥ ರಕ್ತನಾಳದೊಂದಿಗೆ ಕಾಣುತ್ತವೆ. ಅಲ್ಲಿಗೆ ಸಂಶಯ ಮುಗಿಯಿತು. ಅದಾದ ಮೇಲೂ ಅನುಮಾನ ಉಳಿದರೆ ಮಾತ್ರ ಮರಗಟ್ಟಿಸಿ 3–4 ಮಿಲಿಮೀಟರಿನ ತುಣುಕು ತೆಗೆಯುತ್ತಾರೆ. ತಪಾಸಣೆಯ ವೇಳೆ ಇನ್ನೊಬ್ಬ ಸಿಬ್ಬಂದಿ ಜೊತೆಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ.

ಹೋಗುವ ಮುಂಚಿನ ಮೂರು ದಿನ ಬೋಳಿಸಬೇಡಿ, ಕ್ರೀಮು ಪೌಡರು ಹಚ್ಚಬೇಡಿ, ಹಿಚುಕಬೇಡಿ. ಆ ದಿನ ಬರಿನೀರಿನಲ್ಲಿ ತೊಳೆದರೆ ಸಾಕು. ನೋಡದೆಯೇ ಔಷಧ ಬರೆದವರನ್ನೂ, ನರಹುಲಿ ಎನ್ನಲು ಕಾರಣ ಕೇಳಿದರೆ ಹೇಳದೆ ಅಂದೇ ಸುಡಿಸಿಕೊಳ್ಳಿ ಎನ್ನುವವರನ್ನೂ ಬಿಟ್ಟು ಎರಡನೇ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಯಾವಾಗ ತಡಮಾಡಬಾರದು

ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕಾದವು: ಜ್ವರದ ಜೊತೆ ವೇಗವಾಗಿ ಹರಡುವ ಕೆಂಪು ಬಾವು, ಕಪ್ಪಾಗುತ್ತಿರುವ ಚರ್ಮ (ಮಧುಮೇಹ ಇದ್ದವರು ಗಂಟೆಯನ್ನೂ ಕಳೆಯಬಾರದು), ಹಠಾತ್ ವೃಷಣದ ನೋವು, ಹಿಂದೆ ಸರಿಸಿದ ಮುಂದೊಗಲು ಮುಂದೆ ಬಾರದೆ ಊದಿಕೊಂಡದ್ದು, ಮೂತ್ರ ಕಟ್ಟಿದ್ದು.

ಒಂದೆರಡು ದಿನದೊಳಗೆ ತೋರಿಸಬೇಕಾದವು: ಉರಿಯ ಜೊತೆ ಗುಂಪಾಗಿ ಎದ್ದ ನೀರುಗುಳ್ಳೆ, ಅವು ಒಡೆದು ಆದ ಹುಣ್ಣು, ಕೀವು ಸೋರುವಿಕೆ, ಮತ್ತು ಎಲ್ಲಕ್ಕಿಂತ ಮೋಸದ್ದು, ನೋವೇ ಇಲ್ಲದ ಗಟ್ಟಿ ಅಂಚಿನ ಹುಣ್ಣು. ಸಿಫಿಲಿಸ್ಸಿನ ಈ ಹುಣ್ಣು ಸೋಂಕು ತಗುಲಿ 10ರಿಂದ 90 ದಿನದೊಳಗೆ, ಸಾಮಾನ್ಯವಾಗಿ 3 ವಾರದ ಹೊತ್ತಿಗೆ ಬರುತ್ತದೆ, 3ರಿಂದ 6 ವಾರದಲ್ಲಿ ತಾನೇ ಮಾಯುತ್ತದೆ. ಮಾಯಿತೆಂದು ಸುಮ್ಮನಾದವರಿಗೆ ಮುಂದೆ ಅಂಗೈ ಅಂಗಾಲಿನಲ್ಲಿ ಚುಕ್ಕೆಗಳು ಏಳಬಹುದು, ರೋಗ ಒಳಗೇ ಬೆಳೆಯುತ್ತದೆ. ಗರ್ಭಿಣಿಯರು ಹೊಸ ಗುಳ್ಳೆ ಹುಣ್ಣು ಯಾವುದನ್ನೂ ಕಾದು ನೋಡಬಾರದು.

ಒಂದೆರಡು ವಾರದೊಳಗೆ ತೋರಿಸಬೇಕಾದವು ಇನ್ನಷ್ಟಿವೆ. ಎಣಿಕೆಯಲ್ಲೋ ಗಾತ್ರದಲ್ಲೋ ಬೆಳೆಯುತ್ತಿರುವ, ಅಡ್ಡಾದಿಡ್ಡಿ ಹರಡಿದ ಒರಟು ಗುಳ್ಳೆ ನರಹುಲಿಯಿರಬಹುದು; ಇವುಗಳಲ್ಲಿ ಸುಮಾರು ಶೇ. 90ಕ್ಕೆ ಎಚ್‌ಪಿವಿ 6 ಮತ್ತು 11ನೇ ಬಗೆಗಳು ಕಾರಣ, ಅವು ಕ್ಯಾನ್ಸರ್ ತರುವುದು ತೀರಾ ಅಪರೂಪ. ನಡುವೆ ಗುಳಿಬಿದ್ದ, ಮೇಣದಂತೆ ಹೊಳೆಯುವ 2ರಿಂದ 5 ಮಿಲಿಮೀಟರಿನದ್ದು ಮೊಲಸ್ಕಮ್ ಎಂಬ ವೈರಸ್ಸಿನ ಗುಳ್ಳೆ. ರಾತ್ರಿ ಹೆಚ್ಚುವ ತುರಿಕೆ, ಬೆರಳಸಂದಿಯಲ್ಲೂ ತುರಿಕೆ, ಮನೆಯ ಇತರರಿಗೂ ತುರಿಕೆ ಎಂದಾದರೆ ಶಿಶ್ನದ ಮೇಲಿನ ಗಂಟು ಕಜ್ಜಿಯದ್ದು, ಮನೆಮಂದಿಗೆಲ್ಲ ಒಟ್ಟಿಗೇ ಮದ್ದು ಬೇಕು. ಯೋನಿದ್ವಾರದ ಕೆಳಬದಿಯಲ್ಲಿ, ಗಡಿಯಾರದ 4 ಅಥವಾ 8ರ ಜಾಗದಲ್ಲಿ ಒಂದೇ ಪಕ್ಕ ಊದಿದ್ದು ಬಾರ್ಥೊಲಿನ್ ಗ್ರಂಥಿಯ ಚೀಲ. 40 ದಾಟಿದವರಲ್ಲಿ ಹೊಸದಾಗಿ ಬಂದರೆ ತುಣುಕು ಪರೀಕ್ಷೆಯನ್ನೂ ಯೋಚಿಸುತ್ತಾರೆ. ಮೂರು ವಾರವಾದರೂ ಮಾಯದ ಹುಣ್ಣು, ತಾನಾಗಿ ರಕ್ತ ಬರುವ ಗಂಟು, ಮಖಮಲ್ಲಿನಂಥ ಕೆಂಪು ಮಚ್ಚೆ, ಬಿಳಿಚಿ ಬಿಗಿಯಾಗುತ್ತಿರುವ ಚರ್ಮ, ಬಣ್ಣ ಬದಲಾದ ಕಪ್ಪು ಮಚ್ಚೆ ಇವನ್ನು ಯಾವ ವಯಸ್ಸಿನವರೂ ಕಡೆಗಣಿಸಬಾರದು.

ಲೇಸರ್ ಮತ್ತು ಕಾಟರಿ

ಮುತ್ತಿನ ಗುಳ್ಳೆ ನಿರಪಾಯ ಎಂದು ತಿಳಿದ ಮೇಲೂ ಕೆಲವರಿಗೆ ಅದು ಮನಸ್ಸಿನಿಂದ ಹೋಗುವುದಿಲ್ಲ. ಅಂಥವರು ತೆಗೆಸಿಕೊಳ್ಳುವುದನ್ನು ನಾವು ತಪ್ಪೆನ್ನುವುದಿಲ್ಲ, ಆದರೆ ಅದು ಚಂದಕ್ಕಾಗಿ ಮಾಡುವ ಕೆಲಸ, ಚಿಕಿತ್ಸೆಯಲ್ಲ ಎಂಬ ತಿಳಿವಳಿಕೆ ಇರಬೇಕು. ಇರುವುದರಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಹೆಚ್ಚು ನಯವಾದದ್ದು, ಆಳವನ್ನು ಹಿಡಿತದಲ್ಲಿಡಬಹುದು. ವಿದ್ಯುತ್ ಕಾಟರಿಯಲ್ಲಿ, ಅಂದರೆ ವಿದ್ಯುತ್ತಿನ ಬಿಸಿಯಿಂದ ಸುಡುವುದರಲ್ಲಿ, ಆ ಬಿಸಿ ಸುತ್ತಲೂ ಹರಡಿ ಕಲೆಯ ಸಂಭವ ಹೆಚ್ಚು. ಮರಗಟ್ಟಿಸುವ ಕ್ರೀಮು ಹಚ್ಚಿ, ಬೇಕಾದರೆ ಸೂಜಿಮದ್ದನ್ನೂ ಕೊಟ್ಟು ಮಾಡುತ್ತಾರೆ. ಗಾಯದ ಮೇಲ್ಮೈ ಮಾಯಲು ಒಂದೆರಡು ವಾರ ಬೇಕು, ಪೂರ್ತಿ ಮಾಯುವವರೆಗೆ, ಅಂದರೆ ಸಾಮಾನ್ಯವಾಗಿ 3–4 ವಾರ, ಸಂಭೋಗ ಹಸ್ತಮೈಥುನ ಎರಡೂ ಬೇಡ. ಮೊದಲ ರಾತ್ರಿಗಳಲ್ಲಿ ನಿದ್ದೆಯಲ್ಲಿ ಉದ್ರೇಕವಾದರೆ ಗಾಯ ಎಳೆದು ರಕ್ತ ಜಿನುಗುವುದುಂಟು, ಗಾಬರಿ ಬೇಡ. ಕಂದು ಮತ್ತು ಕಪ್ಪು ಮೈಬಣ್ಣದವರಿಗೆ ಆ ಅಂಚಿನುದ್ದಕ್ಕೂ ಬಿಳಿ ಅಥವಾ ಗಾಢ ಕಲೆ ಉಳಿಯುವ ಸಾಧ್ಯತೆ ಇದೆ. ಸ್ಪರ್ಶಜ್ಞಾನ ಹೆಚ್ಚಿರುವ ಜಾಗವಾದ್ದರಿಂದ ಅದರಲ್ಲಿ ವ್ಯತ್ಯಾಸ ಬರಬಹುದೇ ಎಂದು ಮೊದಲೇ ಕೇಳಬೇಕು. ಗುಳ್ಳೆ ಮರಳುವುದೂ ಉಂಟು. ಫೋರ್ಡೈಸ್ ಚುಕ್ಕೆಗೆ ಲೇಸರ್ ಫಲ ಇದಕ್ಕಿಂತ ಅನಿಶ್ಚಿತ, ಗ್ರಂಥಿ ಮೇಲ್ಪದರದ ಕೆಳಗಿರುವುದರಿಂದ ಬರಿ ಮೇಲ್ಪದರ ಕೆರೆದರೆ ಸಾಲದು. ವೆಸ್ಟಿಬ್ಯುಲರ್ ಪ್ಯಾಪಿಲೊಮಟೋಸಿಸ್‌ಗಂತೂ ಲೇಸರ್ ಬೇಡವೇ ಬೇಡ. ಸುಟ್ಟ ಜಾಗ ಮುಂದೆ ಸಂಭೋಗದಲ್ಲಿ ನೋವು ಕೊಡಬಹುದು.

ಒಪ್ಪುವ ಮುನ್ನ, ಈ ಗುಳ್ಳೆ ನರಹುಲಿಯಲ್ಲ ಎಂದು ಬರೆದುಕೊಡಿ ಎನ್ನಿ. ಒಂದೇ ಸಲಕ್ಕೆ ಸುತ್ತಲೂ ಸುಡಿಸಿಕೊಳ್ಳಬೇಡಿ. ಮೇಲ್ಭಾಗದಲ್ಲಿ ನಾಲ್ಕೈದು ಗುಳ್ಳೆಗಳಷ್ಟು ಜಾಗವನ್ನು ಮಾತ್ರ ಮೊದಲು ಮಾಡಿಸಿ, ಆರು ವಾರ ಬಿಟ್ಟು, ಅಲ್ಲಿನ ಬಣ್ಣವನ್ನೂ ಸ್ಪರ್ಶವನ್ನೂ ನೋಡಿಕೊಂಡು ಉಳಿದದ್ದನ್ನು ಮಾಡಿಸಬೇಕೋ ಬೇಡವೋ ತೀರ್ಮಾನಿಸಿ.